ಪಾಲಿಕೆ ಬಜೆಟ್ ಒಂದೇ ಸಾಲದು

ಶಿವಮೊಗ್ಗದಲ್ಲಿ ವಸತಿರಹಿತರಿಗಾಗಿ ಆಗುವ ಸರ್ಕಾರಿ ಖರ್ಚು ತಿಳಿಯಲು ಪಾಲಿಕೆ ಬಜೆಟ್ ನೋಡಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯ ವಾರ್ಡು, 108 ಆಂಬುಲೆನ್ಸ್, ಪೊಲೀಸ್, ಇವೆಲ್ಲ ಬೇರೆ ಬೇರೆ ಇಲಾಖೆಗಳ ಲೆಕ್ಕ.

ಮೊದಲು ತಲೆ ಎಣಿಕೆ. ರಾತ್ರಿ 11ರ ಮೇಲೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಅಂಗಡಿ ಜಗಲಿ ಎಲ್ಲವೂ ಒಂದೇ ರಾತ್ರಿ ಮುಗಿಯಬೇಕು, ಇಲ್ಲದಿದ್ದರೆ ಒಬ್ಬರೇ ಎರಡು ಸಲ ಬರುತ್ತಾರೆ. ಬೆಳಗಿನ ಬಸ್ಸಿಗೆ ಕಾದು ಮಲಗಿದವರನ್ನು ವಿಚಾರಿಸಿ ಎಣಿಕೆಯಿಂದ ಕೈಬಿಡಿ. ಜುಲೈಯಲ್ಲಿ ಮತ್ತೊಮ್ಮೆ ಎಣಿಸಿ. ಮಳೆ ಹಿಡಿದರೆ ಜನ ಸೂರು ಹುಡುಕಿ ಚದುರಿರುತ್ತಾರೆ.

ಹೆಚ್ಚಿನವರು ಎಡವುವುದು ಆಸ್ಪತ್ರೆ ಲೆಕ್ಕದಲ್ಲಿ. ಹಾಸಿಗೆಯ ಸರಾಸರಿ ದಿನವೆಚ್ಚವನ್ನು ವಸತಿರಹಿತ ರೋಗಿ ದಾಖಲಾಗಿದ್ದ ದಿನಗಳಿಂದ ಗುಣಿಸಿದರೆ ವೈದ್ಯರ ಸಂಬಳವೂ ಸೇರಿಬಿಡುತ್ತದೆ. ಈ ರೋಗಿ ಬರದಿದ್ದರೂ ಸಂಬಳ ಕೊಡಲೇಬೇಕಲ್ಲ! ಔಷಧಿ, ಊಟ, ಪರೀಕ್ಷೆಗಳ ಹೆಚ್ಚುವರಿ ಖರ್ಚಿಗೆ ಬೇರೆ ಅಂಕಣ ಇರಲಿ. ಗುಣವಾದರೂ ಹೋಗಲು ಜಾಗವಿಲ್ಲದೆ ವಾರ್ಡಿನಲ್ಲೇ ಉಳಿದ ದಿನಗಳನ್ನು ಕೇಸ್ ಶೀಟಿನಿಂದ ಪ್ರತ್ಯೇಕ ಹೆಕ್ಕಿ. ಸೂರಿಲ್ಲದ್ದಕ್ಕೇ ಆದ ಖರ್ಚು ಅದು.