ಕುಡಿಯದ ಕೂಲ್‌ಡ್ರಿಂಕ್ಸ್ ನೆನಪಾಗೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದವು: ಹಳೇ ಕಾಲ ತೋರಿಸಿ ಮಾಲು ಮಾರುವ ಜಾಹೀರಾತು. ಹಾಗಾಗಿ ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾರೂ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಸಣ್ಣವಳಿದ್ದಾಗ ಮಾರಿಕಾಂಬಾ ಜಾತ್ರೆಯಲ್ಲಿ, ಬಿಡಕಿ ಬಯಲಿನ ಅಂಗಡಿ ಸಾಲಿನಲ್ಲಿ ಅಪ್ಪನ ಕೈ ಹಿಡಿದು ನಿಂತು ಒಂದು ಕೂಲ್‌ಡ್ರಿಂಕ್ಸ್ ಕುಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಈಗ ಅದೇ ಕೂಲ್‌ಡ್ರಿಂಕ್ಸ್ ಹಳೇ ಲೇಬಲ್ಲಿನಲ್ಲಿ ಮತ್ತೆ ಬಂದಿದೆ. ಜಾಹೀರಾತಿನಲ್ಲೂ ಜಾತ್ರೆ, ಅಪ್ಪ, ಮಗಳು. ನೋಡಿದಾಗೆಲ್ಲ ಕಣ್ಣು ತುಂಬುತ್ತದೆ, ವಾರವಾರ ತರುತ್ತೇನೆ. ಆದರೆ ಆಯಿ ಮಾತ್ರ, "ಜಾತ್ರೆಲಿ ಅದೆಲ್ಲ ಕುಡಸಿದ್ದೇ ಇಲ್ಲೆ ಮಾರಾಯ್ತಿ, ನಿಂಗೆ ಶೀತ ಆಗ್ತಿತ್ತು" ಅನ್ನುತ್ತಾಳೆ. ಕೇಳೋಣ ಅಂದರೆ ಅಪ್ಪ ಈಗಿಲ್ಲ. ನನ್ನ ತಲೆಗೇನಾಗಿದೆ?
(ಓದುಗಿ, ಶಿರಸಿ)

ಉತ್ತರ: ಏನೂ ಆಗಿಲ್ಲ. ಮರೆವಿನ ಕಾಯಿಲೆ ಅಂತ ಹೆದರಬೇಡಿ. ಇದು ಯಾರಿಗೆ ಬೇಕಾದರೂ ಆಗುತ್ತದೆ, ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ.

ಅಮೆರಿಕದ ಕ್ಯಾಥರಿನ್ ಬ್ರೌನ್, ರಿಯಾನನ್ ಎಲ್ಲಿಸ್, ಎಲಿಜಬೆತ್ ಲಾಫ್ಟಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ಲಾಫ್ಟಸ್ ಅನ್ನುವವರು ನೆನಪು ಹೇಗೆ ದಾರಿ ತಪ್ಪುತ್ತದೆ ಅಂತ ದಶಕಗಳಿಂದ ಹುಡುಕಿದವರು, ಕೋರ್ಟಿನಲ್ಲೂ ಸಾಕ್ಷಿ ಹೇಳಿದವರು. ಚಿಕ್ಕವರಿದ್ದಾಗ ಡಿಸ್ನಿ ಪಾರ್ಕಿಗೆ ಹೋಗಿದ್ದನ್ನು ನೆನಪಿಸುವ ಜಾಹೀರಾತನ್ನು ಕೆಲವರಿಗೆ ಓದಿಸಿದರು, ಅದರಲ್ಲಿ ಮಿಕ್ಕಿ ಮೌಸ್ ಕೈ ಕುಲುಕಿದ ಮಾತಿತ್ತು. ಓದಿದ ಮೇಲೆ ಬಹಳ ಜನಕ್ಕೆ ತಮಗೂ ಹಾಗೆ ಆಗಿತ್ತು ಅನ್ನುವ ನಂಬಿಕೆ ಜಾಸ್ತಿಯಾಯಿತು. ಆಗಿದ್ದಿರಬಹುದು ಬಿಡಿ, ಮಿಕ್ಕಿ ಅಲ್ಲಿ ಇರುವವನೇ. ಆದ್ದರಿಂದ ಎರಡನೇ ಸಲ ಮಿಕ್ಕಿಯ ಜಾಗಕ್ಕೆ ಬಗ್ಸ್ ಬನ್ನಿ ಅನ್ನುವ ಮೊಲವನ್ನು ತಂದರು. ಆ ಮೊಲ ವಾರ್ನರ್ ಬ್ರದರ್ಸ್ ಕಂಪನಿಯದು, ಡಿಸ್ನಿ ಪಾರ್ಕಿನಲ್ಲಿ ಸಿಗುವ ಮಾತೇ ಇಲ್ಲ. ಆದರೂ ಆ ಜಾಹೀರಾತು ಓದಿದವರಲ್ಲಿ, ಸಣ್ಣವರಿದ್ದಾಗ ಅದರ ಕೈ ಕುಲುಕಿದ್ದೆವು ಅನ್ನುವ ನಂಬಿಕೆ ಓದದವರಿಗಿಂತ ಹೆಚ್ಚಾಗಿಯೇ ಕಂಡಿತು. ಅವರೇನು ಸುಳ್ಳುಗಾರರಲ್ಲ, ನೀವೂ ಅಲ್ಲ.

ಇದೇ ಬ್ರೌನ್ 1999ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದ್ದರು. ಕಿತ್ತಳೆ ಜ್ಯೂಸಿಗೆ ವಿನೆಗರ್, ಉಪ್ಪು ಹಾಕಿ ಕೆಡಿಸಿ ಕುಡಿಸುವುದು, ಆಮೇಲೆ ಬಾಯಲ್ಲಿ ನೀರೂರುವಂಥ ಜಾಹೀರಾತು ತೋರಿಸುವುದು. ಜಾಹೀರಾತು ನೋಡಿದವರಿಗೆ ಆ ಕೆಟ್ಟ ಜ್ಯೂಸು ಕುಡಿದಾಗ ಇದ್ದದ್ದಕ್ಕಿಂತ ರುಚಿಯಾಗಿತ್ತು ಅಂತ ನೆನಪು! ನಾಲಿಗೆ ಆಗಲೇ ತೀರ್ಪು ಕೊಟ್ಟಾಗಿತ್ತು, ಜಾಹೀರಾತು ಹಿಂದಿನಿಂದ ಬಂದು ಅದನ್ನು ತಿದ್ದಿತು.

ಹೇಗೆ ಅಂದರೆ, ನೆನಪನ್ನು ನಾವು ಪೆಟ್ಟಿಗೆಯಿಂದ ತೆಗೆದು ನೋಡಿ ಹಾಗೇ ವಾಪಸ್ ಇಡುವುದಿಲ್ಲ. ಪ್ರತಿ ಸಲ ಅಲ್ಲಲ್ಲಿ ಸರಿಮಾಡಿ ಕಟ್ಟುತ್ತೇವೆ. ಹಂಚಿನ ಮನೆಗೆ ಮಳೆಗಾಲಕ್ಕೆ ಮೊದಲು ಒಡೆದ ಹಂಚು ತೆಗೆದು ಬೇರೆ ಹಾಕಿಸುತ್ತೇವಲ್ಲ, ಹಾಗೆ. ನಾಲ್ಕು ಮಳೆ ಕಳೆದರೆ ಅಜ್ಜನ ಕಾಲದ ಹಂಚು ಯಾವುದು, ಹೋದ ವರ್ಷದ್ದು ಯಾವುದು ಅಂತ ಕೆಳಗೆ ನಿಂತು ಹೇಳಲಿಕ್ಕಾಗುವುದಿಲ್ಲ. ನಿಮ್ಮ ನೆನಪಿನಲ್ಲಿ ಜಾತ್ರೆ, ಜನ, ಅಪ್ಪನ ಕೈ ಇದೆಲ್ಲ ನಿಜವೇ ಇರಬಹುದು. ಕೈಯಲ್ಲಿ ಏನು ಕೊಟ್ಟಿದ್ದರು ಅನ್ನುವ ಜಾಗ ಮಸುಕಾಗಿತ್ತು, ಅಲ್ಲಿಗೆ ಬಾಟಲಿ ಬಂದು ಕೂತಿತು. ಜಾಹೀರಾತಿನವರು ಆ ಜಾಗ ಖಾಲಿ ಇರುವಂತೆಯೇ ಚಿತ್ರ ತೆಗೆದಿರುತ್ತಾರೆ. ಬಣ್ಣ ಸ್ವಲ್ಪ ಮಾಸಿದ್ದು, ಅಪ್ಪನ ಮುಖ ಅರ್ಧ ಮಾತ್ರ ಕಾಣುವುದು, ಊರಿನ ಹೆಸರೇ ಇಲ್ಲ. ಅದು ಯಾರ ಅಪ್ಪ ಬೇಕಾದರೂ ಆಗಬಹುದು. ಬಾಟಲಿಯ ಲೇಬಲ್ ಮಾತ್ರ ಸ್ಪಷ್ಟ.

ಹಾಗಂತ ಆಯಿ ಹೇಳಿದ್ದೇ ಅಂತಿಮ ಅಂತಲೂ ಒಪ್ಪಬೇಡಿ. ಅವರದ್ದೂ ಹಾಗೇ ರಿಪೇರಿಯಾದ ನೆನಪು. (ಮಕ್ಕಳಿಗೆ ಶೀತ ಆಗುವಂಥದ್ದನ್ನು ತಾನು ಯಾವತ್ತೂ ಕೊಡಿಸಿಲ್ಲ ಅಂತ ಹೇಳದ ತಾಯಿ ಇದ್ದಾರಾ?) ಜಾಹೀರಾತನ್ನು ಸ್ವಲ್ಪ ದಿನ ಬದಿಗಿಡಿ. ಆ ದಿನದ್ದು ಬೇರೆ ಏನೇನು ನೆನಪಿದೆ ಬರೆಯಿರಿ: ತೊಟ್ಟಿಲು ಹತ್ತಿದ್ದಾ, ಬಳೆ ಕೊಂಡದ್ದಾ, ಬೆಂಡು ಬತ್ತಾಸಿನ ಪೊಟ್ಟಣ ಯಾರ ಕೈಲಿತ್ತು, ಮನೆಗೆ ಬಂದದ್ದು ಎಷ್ಟು ಹೊತ್ತಿಗೆ. ಜಾತ್ರೆ ಎರಡು ವರ್ಷಕ್ಕೊಮ್ಮೆಯಾದ್ದರಿಂದ ಯಾವ ವರ್ಷ ಅಂತ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಆ ವರ್ಷ ಆ ಕೂಲ್‌ಡ್ರಿಂಕ್ಸ್ ಪೇಟೆಯಲ್ಲಿ ಸಿಗುತ್ತಿತ್ತಾ ಅಂತ ಹಳೇ ಅಂಗಡಿಯವರನ್ನು ಕೇಳಿ ನೋಡಿ. ಉತ್ತರ ಏನೇ ಬರಲಿ, ನಿಮ್ಮ ಅಪ್ಪ ಜಾತ್ರೆಗೆ ಕರೆದುಕೊಂಡು ಹೋಗಿದ್ದು ಸುಳ್ಳಾಗುವುದಿಲ್ಲ. ಕುಡಿಯಬೇಕು ಅನಿಸಿದರೆ ಕುಡಿಯಿರಿ. ವಾರವಾರ ಅಂದಿರಲ್ಲ, ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಬಾಟಲಿ ತಿರುಗಿಸಿ ಓದಿ.

ಪ್ರಶ್ನೆ: ನಾನು ಹುಟ್ಟಿದ್ದು 2001ರಲ್ಲಿ. ಆದರೂ ಜಾವಾ ಬೈಕ್ ನೋಡಿದರೆ ಏನೋ ಕಳಕೊಂಡ ಹಾಗೆ ಅನಿಸುತ್ತದೆ. ನಾನು ಕಾಣದ ಕಾಲದ ಬಗ್ಗೆ ಇದೆಂಥ ಹಂಬಲ?
(ಓದುಗ, ಕಾರವಾರ)

ಉತ್ತರ: ಎರವಲು ಹಂಬಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ನೀವು ಹುಟ್ಟುವ ಮೊದಲೇ. 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಬೈಕ್ ಬೇರೆ ಕಂಪನಿಯದು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯದು ಟೂ ಸ್ಟ್ರೋಕ್, ಹೊಸದು ಫೋರ್ ಸ್ಟ್ರೋಕ್. ಆದರೂ ಒಂದೇ ಸಿಲಿಂಡರಿಗೆ ಎರಡೆರಡು ಸೈಲೆನ್ಸರ್ ಇದ್ದದ್ದನ್ನು ಹೊಸದರಲ್ಲೂ ಉಳಿಸಿದ್ದಾರೆ, ಯಾಕಂದರೆ ಕಣ್ಣು ಹುಡುಕುವುದೇ ಅದನ್ನು. ಮಾವನೋ ದೊಡ್ಡಪ್ಪನೋ ಹೇಳಿದ ಕತೆ, ಗೋಡೆಯ ಮೇಲಿನ ಫೋಟೋ, ರೀಲ್ಸು ಎಲ್ಲ ಸೇರಿ ನಿಮ್ಮದೇ ನೆನಪಿನ ಹಾಗೆ ಆಗಿದೆ. ಕೊಳ್ಳುವುದಿದ್ದರೆ ಟೆಸ್ಟ್ ರೈಡ್ ಮಾಡಿ, ಸರ್ವಿಸ್ ಸೆಂಟರ್ ಎಷ್ಟು ದೂರ ಕೇಳಿ. 2014ರ ಒಂದು ಅಧ್ಯಯನದ ಪ್ರಕಾರ ಹಳೇ ನೆನಪಿನ ಗುಂಗಿನಲ್ಲಿರುವಾಗ ಜನ ವಸ್ತುವಿಗೆ ಜಾಸ್ತಿ ದುಡ್ಡು ಕೊಡಲು ತಯಾರಿರುತ್ತಾರಂತೆ. ಶೋರೂಮಿಗೆ ದೊಡ್ಡಪ್ಪನನ್ನು ಮಾತ್ರ ಕರೆದುಕೊಂಡು ಹೋಗಬೇಡಿ.

ಪ್ರಶ್ನೆ: ಮೂರು ವರ್ಷದಿಂದ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ವಿಧಾನ ಅಜ್ಜಿಯದ್ದೇ. ಲೇಬಲ್ ಮೇಲೆ "1954ರಿಂದ, ಅಜ್ಜಿಯ ಕಾಲದ ರುಚಿ" ಅಂತ ಹಾಕೋಣ ಅತ್ತೆ ಅನ್ನುತ್ತಾನೆ ಅಣ್ಣನ ಮಗ. ತಪ್ಪಾಗುತ್ತದಾ?
(ಓದುಗಿ, ಕುಮಟಾ)

ಉತ್ತರ: 1954 ಬೇಡ. ಆ ಇಸವಿ ನೋಡಿದವರು ಅಂಗಡಿ ಆಗಿನಿಂದ ಇದೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ ಅಂತಲೇ ಹಾಕುವುದಲ್ವಾ? ತಪ್ಪು ದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲಿ ತಂದ ಜಾಹೀರಾತು ನಿಯಮಗಳಲ್ಲಿ ಸಾಂಪ್ರದಾಯಿಕ, ಅಸಲಿ, ಶುದ್ಧ ಅನ್ನುವಂಥ ಮಾತುಗಳನ್ನು ಬೇಕಾದ ಹಾಗೆ ಬಳಸಲಿಕ್ಕೂ ಬಿಡುವುದಿಲ್ಲ.

ಅಜ್ಜಿಯ ಮಾತು ಹಾಕಬಹುದು, ಅಜ್ಜಿ ಮಾಡಿದ ಹಾಗೇ ಮಾಡುತ್ತಿದ್ದರೆ. ತೊಟ್ಟು ಸಮೇತ ಮಿಡಿ ಉಪ್ಪಿಗೆ ಹಾಕಿ, ಅದು ಸುಕ್ಕುಗಟ್ಟುವ ತನಕ ಕಾದು, ಆಮೇಲೆ ಸಾಸಿವೆ, ಮೆಣಸು ಕಡೆದು ಹಾಕುವುದಾದರೆ ಸರಿ. ಹಾಳಾಗದಿರಲಿ ಅಂತ ಸೋಡಿಯಂ ಬೆಂಜೊಯೇಟ್ ಸೇರಿಸುತ್ತೀರಾ? ಹಾಗಿದ್ದರೆ ಅದನ್ನು ಲೇಬಲ್ಲಿನಲ್ಲಿ ಬರೆಯಬೇಕು, ಆಗ "ಅಜ್ಜಿಯ ಕಾಲದ" ಅನ್ನುವುದನ್ನು ಬಿಡುವುದೇ ಒಳ್ಳೆಯದು. ಆ ಜಾಗದಲ್ಲಿ ಮಿಡಿ ಯಾವ ಹೊಳೆಬದಿಯ ಮರದ್ದು, ಯಾವ ತಿಂಗಳು ಉಪ್ಪಿಗೆ ಹಾಕಿದ್ದು ಅಂತ ಹಾಕಿ. ಅಪ್ಪೆಮಿಡಿ ತಿಂದು ಗೊತ್ತಿದ್ದವರು ಮೊದಲು ಕೇಳುವುದು ಅದನ್ನೇ. ಅಣ್ಣನ ಮಗನಿಗೆ ಡಿಸೈನ್ ಕೆಲಸ ಹೇಗೂ ಉಳಿಯುತ್ತದೆ.