ಓದುಗರ ಪ್ರಶ್ನೆ: ಸ್ಕೂಬಾ ಸಾಮಾನು ಕಟ್ಟುವುದು, ಹೊರುವುದು, ಒಣಗಿಸುವುದು

ಪ್ರಶ್ನೆ: ಜನವರಿಯಲ್ಲಿ ಅಂಡಮಾನ್‌ಗೆ ಹೊರಟಿದ್ದೇನೆ. ಹ್ಯಾವ್‌ಲಾಕ್ ದ್ವೀಪದಲ್ಲಿ ಡೈವಿಂಗ್. ಈ ಸಲ ಮಾಸ್ಕ್, ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ), ಬೂಟ್, ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು), ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ), ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ವಾಚಿನಂಥದ್ದು) ಎಲ್ಲ ಸ್ವಂತದ್ದು. ಟಿಕೆಟ್‌ನಲ್ಲಿ ಚೆಕ್-ಇನ್ 15 ಕೆಜಿ, ಕೈಚೀಲ 7 ಕೆಜಿ ಅಂತಿದೆ. ಬಟ್ಟೆ ಎಲ್ಲಿ ಹಾಕಲಿ?
(ಬೆಂಗಳೂರಿನ ಓದುಗರು)

ಉತ್ತರ: ಮೊದಲು ಎಲ್ಲವನ್ನೂ ತೂಗಿ ನೋಡಿ. ಬಿಸಿಡಿ ಮೂರೂವರೆ ಕೆಜಿ ಆಸುಪಾಸು ಇರುತ್ತದೆ, ಗೇಜ್ ಸಮೇತ ರೆಗ್ಯುಲೇಟರ್ ಎರಡರಿಂದ ಎರಡೂವರೆ, ಫಿನ್ಸ್ ಎರಡು, 3 ಮಿ.ಮೀ. ವೆಟ್‌ಸೂಟ್ ಒಂದೂವರೆಯಿಂದ ಎರಡು. ಬೂಟು, ಮಾಸ್ಕು, ಸಣ್ಣಪುಟ್ಟದ್ದು ಸೇರಿದರೆ ಹನ್ನೊಂದು ಕೆಜಿ ಹತ್ತಿರ ಬರುತ್ತದೆ. ಹಾಗಾಗಿ ಆಗದ ಮಾತೇನಲ್ಲ. ನಿಜವಾಗಿ ತೂಕ ತಿನ್ನುವುದು ಬ್ಯಾಗು. ಚಕ್ರ ಇರುವ ದೊಡ್ಡ ಡೈವ್ ಬ್ಯಾಗ್ ಖಾಲಿ ಇದ್ದಾಗಲೇ ನಾಲ್ಕು ಕೆಜಿ ಇರಬಹುದು, ಮೇಲಿಂದ ಅದರ ಮೇಲಿನ ಲೋಗೋ ನೋಡಿದವರಿಗೆಲ್ಲ ಒಳಗೆ ದುಬಾರಿ ಸಾಮಾನಿದೆ ಅಂತ ಗೊತ್ತಾಗುತ್ತದೆ. ಸಾದಾ ಡಫಲ್ ಬ್ಯಾಗ್ ಸಾಕು.

ರೆಗ್ಯುಲೇಟರ್, ಮಾಸ್ಕ್, ಕಂಪ್ಯೂಟರ್ ಈ ಮೂರು ಕೈಚೀಲಕ್ಕೆ. ಚೆಕ್-ಇನ್ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ಬಾಡಿಗೆಗೆ ಫಿನ್ಸ್ ಸಿಗುತ್ತದೆ, ಬಿಸಿಡಿ ಸಿಗುತ್ತದೆ. ಆದರೆ ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಸಿಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ರೆಗ್ಯುಲೇಟರ್‌ನ ಹೋಸ್‌ಗಳನ್ನು ದೊಡ್ಡ ಸುತ್ತಾಗಿ ಸುತ್ತಿ. ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಕೂರಿಸುವ ಲೋಹದ ಭಾಗ) ಹತ್ತಿರ ಚೂಪಾಗಿ ಮಡಚಬೇಡಿ, ಹೋಸ್ ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ಭದ್ರತಾ ತಪಾಸಣೆಯಲ್ಲಿ ಬ್ಯಾಗ್ ತೆರೆಸಿದರೆ ಗಾಬರಿ ಬೇಡ. ಎಕ್ಸ್‌ರೇಯಲ್ಲಿ ಲೋಹದ ಗಡ್ಡೆ, ಅದಕ್ಕೆ ನಾಲ್ಕು ಕೊಳವೆ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೇಲ್ಗಡೆಯೇ ಇಟ್ಟುಕೊಳ್ಳಿ, ತೆಗೆದು ತೋರಿಸಲು ಸುಲಭ.

ಚೆಕ್-ಇನ್ ಬ್ಯಾಗಿನಲ್ಲಿ ಎರಡೂ ಬದಿಗೆ ಫಿನ್ಸ್ ಗೋಡೆಯ ಹಾಗೆ ನಿಲ್ಲಿಸಿ. ಗಾಳಿ ಪೂರ್ತಿ ತೆಗೆದ ಬಿಸಿಡಿ ತಳಕ್ಕೆ, ಸುರುಳಿ ಸುತ್ತಿದ ವೆಟ್‌ಸೂಟ್ ನಡುವೆ. ಬೂಟಿನ ಒಳಗೆ ಕಾಲುಚೀಲ ತುರುಕಿ, ಜಾಗ ಸುಮ್ನೆ ಹಾಳು ಮಾಡಬೇಡಿ. ಚಾಕು, ಅಲೆನ್ ಕೀ, ಸ್ಕ್ರೂಡ್ರೈವರ್ ಎಲ್ಲ ಚೆಕ್-ಇನ್‌ಗೇ ಹೋಗಬೇಕು, ಚಾಕುವಿಗೆ ಒರೆ ಇರಲಿ. ಬ್ಯಾಟರಿ ಇದಕ್ಕೆ ಉಲ್ಟಾ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಅಂಟಿಸಿ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ, 100ರಿಂದ 160ರ ನಡುವೆ ಇದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಡೈವ್ ಟಾರ್ಚ್ ಇದ್ದರೆ ಬ್ಯಾಟರಿ ಬಿಚ್ಚಿಟ್ಟೇ ಹೊರಡಿ. ಅದು ನೀರಲ್ಲಿ ತಣ್ಣಗಾಗಲೆಂದೇ ಮಾಡಿದ ದೀಪ, ಬ್ಯಾಗಿನೊಳಗೆ ತಾನಾಗಿ ಹತ್ತಿಕೊಂಡರೆ ಬಟ್ಟೆ ಸುಟ್ಟೀತು.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ, ಸಿಲಿಂಡರ್ ಎರಡೂ ಅಲ್ಲಿನ ಡೈವ್ ಸೆಂಟರ್‌ನವರೇ ಕೊಡುತ್ತಾರೆ. ನಿಮ್ಮ ರೆಗ್ಯುಲೇಟರ್ ಡಿನ್ ಮಾದರಿಯದ್ದಾದರೆ (ಸಿಲಿಂಡರ್ ವಾಲ್ವ್ ಒಳಗೆ ತಿರುಪಿ ಕೂರಿಸುವಂಥದ್ದು) ಮಾತ್ರ ಮೊದಲೇ ಕೇಳಿಕೊಳ್ಳಿ, ಅಲ್ಲಿನ ಸಿಲಿಂಡರ್‌ಗೆ ಯೋಕ್ (ವಾಲ್ವ್ ಸುತ್ತ ಹಿಡಿದು ಬಿಗಿಯುವ ಮಾದರಿ) ಅಡಾಪ್ಟರ್ ಬೇಕಾಗಬಹುದು. ಇನ್ನೊಂದು, ವಿಮಾನ ಇಳಿದ ಮೇಲೆ ಪ್ರಯಾಣ ಮುಗಿಯುವುದಿಲ್ಲ, ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯ ಪುರಂ) ಹಡಗು ಹತ್ತಿಳಿಯಬೇಕು. ಹೆಗಲಿಗೆ ಹಾಕಿ ಐದು ನಿಮಿಷ ನಡೆಯಲಾಗದ ಬ್ಯಾಗನ್ನು ಮನೆಯಲ್ಲೇ ಹಗುರ ಮಾಡಿ.

ಕೇಳದಿದ್ದರೂ ಒಂದು ಮಾತು. ವರ್ಷಕ್ಕೊಂದು ವಾರ ಡೈವ್ ಮಾಡುವವರು ಬಿಸಿಡಿ ಹೊತ್ತುಕೊಂಡು ಹೋಗುವುದೇ ಬೇಡ ಅನ್ನುವ ಪಕ್ಷ ನನ್ನದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕಾರಿನಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುತ್ತೇವೆ. ದೋಣಿಯಲ್ಲಿ ಎಲ್ಲರ ಸಾಮಾನು ಕಲಸಿಹೋಗುತ್ತದೆ, ವಾಪಸ್ ಬರುವಾಗ ಡಿಕ್ಕಿ ತುಂಬ ಉಪ್ಪುನೀರು, ವಾಸನೆ. ಏನು ಮಾಡುವುದು?
(ದಾವಣಗೆರೆಯ ಓದುಗರು)

ಉತ್ತರ: ಒಬ್ಬೊಬ್ಬರಿಗೆ ಒಂದೊಂದು ಬಲೆ ಚೀಲ. ಹಾಕಿಕೊಳ್ಳುವ ಕ್ರಮಕ್ಕೆ ಉಲ್ಟಾ ತುಂಬಿ: ಕೊನೆಗೆ ಹಾಕುವ ಫಿನ್ಸ್ ತಳದಲ್ಲಿ, ಮೊದಲು ಹಾಕುವ ವೆಟ್‌ಸೂಟ್ ಮೇಲೆ. ಮಾಸ್ಕ್ ಅದರ ಡಬ್ಬಿಯಲ್ಲೇ ಇರಲಿ. ನೇತ್ರಾಣಿ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರ, ದೋಣಿ ಒಂದು ಗಂಟೆಗೂ ಜಾಸ್ತಿ ಓಲಾಡುತ್ತದೆ. ಆ ಓಲಾಟದಲ್ಲಿ ಬಗ್ಗಿ ಚೀಲದ ತಳ ತಡಕಾಡಲು ಹೋದರೆ ಬೆಳಗ್ಗೆ ತಿಂದ ಇಡ್ಲಿ ಹೊರಗೆ ಬರುತ್ತದೆ, ಅನುಮಾನವೇ ಬೇಡ. ಎಲ್ಲರದ್ದೂ ಕಪ್ಪು ಬಣ್ಣ, ಅದಕ್ಕೇ ಕಲಸುವುದು. ಒಬ್ಬೊಬ್ಬರು ಒಂದು ಬಣ್ಣದ ಟೇಪ್ ಹಿಡಿದು ಫಿನ್ಸ್ ಪಟ್ಟಿ, ಮಾಸ್ಕ್ ಪಟ್ಟಿ, ಹೋಸ್‌ಗೆಲ್ಲ ಸುತ್ತಿ.

ವಾಪಸ್ ಬರಲು ತರಕಾರಿ ಅಂಗಡಿಯವರು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಕ್ರೇಟ್ ಎರಡು ಸಾಕು, ಅದರಡಿ ದಪ್ಪ ಟಾರ್ಪಾಲ್ ಹಾಸಿ, ನಾಲ್ಕೂ ಅಂಚು ಮೇಲೆತ್ತಿ. ದಡಕ್ಕೆ ಬಂದ ಕೂಡಲೇ ಎಲ್ಲವನ್ನೂ ಸಿಹಿನೀರಲ್ಲಿ ಅದ್ದಿ ತೊಳೆಯಿರಿ. ಅಲ್ಲಿ ನೀರು ಸಿಗದಿದ್ದರೆ ಅಂತ ಡಿಕ್ಕಿಯಲ್ಲಿ 20 ಲೀಟರ್ ಕ್ಯಾನ್ ಒಂದಿರಲಿ. ಉಪ್ಪು ಒಣಗಿ ಹರಳಾದ ಮೇಲೆ ಬಿಡಿಸುವುದು ಕಷ್ಟ, ಜಿಪ್ ಮತ್ತು ಬಟನ್ ಮೊದಲು ಹಿಡಿದುಕೊಳ್ಳುತ್ತವೆ. ಬಿಸಿಡಿ ಒಳಗೂ ಸ್ವಲ್ಪ ನೀರು ಬಿಟ್ಟು ಕುಲುಕಿ ಚೆಲ್ಲಿ. ರೆಗ್ಯುಲೇಟರ್ ತೊಳೆಯುವಾಗ ಫಸ್ಟ್ ಸ್ಟೇಜ್ ಬಾಯಿಯ ಡಸ್ಟ್ ಕ್ಯಾಪ್ ಬಿಗಿ ಇರಬೇಕು, ಪರ್ಜ್ ಬಟನ್ (ಬಾಯಿಗಿಡುವ ಭಾಗದ ಮೇಲಿನ, ಒತ್ತಿದರೆ ಗಾಳಿ ಬಿಡುವ ಗುಂಡಿ) ಒತ್ತಬಾರದು. ಒತ್ತಿದರೆ ನೀರು ಹೋಸ್ ಹಿಡಿದು ಫಸ್ಟ್ ಸ್ಟೇಜ್‌ವರೆಗೂ ಹೋಗುತ್ತದೆ.

ಊಟಕ್ಕೆ ಅಂತ ನಿಲ್ಲಿಸಿದಾಗ ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಿಸಿಲಿಗೆ ಕಾದ ಡಿಕ್ಕಿ ವೆಟ್‌ಸೂಟಿನ ನಿಯೋಪ್ರೀನ್‌ಗೂ ಆಗದು, ಮಾಸ್ಕಿನ ಸಿಲಿಕೋನ್‌ಗೂ ಆಗದು.

ಪ್ರಶ್ನೆ: ಸಿಲಿಂಡರ್ ಕೂಡ ಸ್ವಂತದ್ದೇ ತೆಗೆದುಕೊಂಡರೆ ಹೇಗೆ? ಆಕ್ಸಿಜನ್ ಸಿಲಿಂಡರ್ ವಿಮಾನದಲ್ಲಿ ಬಿಡುತ್ತಾರಾ?
(ಮಂಗಳೂರಿನ ಓದುಗರು)

ಉತ್ತರ: ಅದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಗಾಳಿ ತುಂಬಿದ ಸಿಲಿಂಡರ್ ಅನ್ನು ವಿಮಾನಕ್ಕೆ ಬಿಡುವುದಿಲ್ಲ. ಖಾಲಿಯದ್ದನ್ನೂ ಒಳಗಡೆ ಕಾಣುವ ಹಾಗೆ ವಾಲ್ವ್ ಬಿಚ್ಚಿ ತೋರಿಸಬೇಕು, ಅಷ್ಟೆಲ್ಲ ಆದಮೇಲೂ ಹತ್ತಿಸುವುದು ಬಿಡುವುದು ವಿಮಾನ ಸಂಸ್ಥೆಗೆ ಬಿಟ್ಟದ್ದು. ಎಲ್ಲೆಡೆ ಬಳಸುವ ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಇದ್ದಾಗಲೇ 14 ಕೆಜಿ, ತುಂಬಿದಾಗ ಒಳಗೆ 200 ಬಾರ್ ಒತ್ತಡ. ತುಂಬಿಸಲು ಡೈವಿಂಗ್‌ಗೆಂದೇ ಇರುವ ಕಂಪ್ರೆಸರ್ ಬೇಕು, ಪಂಕ್ಚರ್ ಅಂಗಡಿಯದ್ದು ಆಗದು. ಬೇಡ ಬಿಡಿ.

ಪ್ರಶ್ನೆ: ಭಾನುವಾರ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಅದೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುತ್ತೇನೆ. ಒದ್ದೆ ಸಾಮಾನನ್ನು ಬಸ್ಸಿನಲ್ಲಿ ಹೇಗೆ ತರುವುದು?
(ಬೆಂಗಳೂರಿನ ಇನ್ನೊಬ್ಬ ಓದುಗರು)

ಉತ್ತರ: ಸಾಮಾನಿನ ಮಾತು ಆಮೇಲೆ. ನೀವು ಘಟ್ಟ ಹತ್ತುತ್ತೀರಿ ಅಲ್ವಾ? ಡೈವ್ ಆದ ಮೇಲೆ ಮೈಯಲ್ಲಿ ಸಾರಜನಕ ಉಳಿದಿರುತ್ತದೆ. ಬೇಗ ಎತ್ತರಕ್ಕೆ ಹೋದರೆ ಸುತ್ತಲಿನ ಒತ್ತಡ ಇಳಿದು ಅದು ಗುಳ್ಳೆ ಕಟ್ಟಬಹುದು. ವಿಮಾನ ಹತ್ತುವ ಮೊದಲು ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ ಎನ್ನುವ ಸಲಹೆ ಬಹಳಷ್ಟು ಜನಕ್ಕೆ ಗೊತ್ತು. ಆ ಸಲಹೆ ಸುಮಾರು 600 ಮೀಟರ್‌ನಿಂದ ಮೇಲಿನ ಎತ್ತರಕ್ಕೆ ಹೇಳಿದ್ದು, ಬೆಂಗಳೂರು ಇರುವುದು 900 ಮೀಟರ್ ಮೇಲೆ. ರೈಲಿಗೆ ಬಂದರೂ ಸಕಲೇಶಪುರದ ಘಟ್ಟ ಹತ್ತಲೇಬೇಕು. ಹಾಗಾಗಿ ಶನಿವಾರ ಡೈವ್ ಮಾಡಿ, ಭಾನುವಾರ ಹೊರಡಿ. ಒಂದು ಉಪಕಾರ ಏನೆಂದರೆ ಅಷ್ಟರಲ್ಲಿ ಸಾಮಾನೂ ಒಣಗಿರುತ್ತದೆ, ಬಸ್ಸಿನ ಡಿಕ್ಕಿಯಲ್ಲಿ ಒದ್ದೆ ಚೀಲ ಇಡುವ ಪ್ರಶ್ನೆಯೇ ಇಲ್ಲ. ಪೂರ್ತಿ ಒಣಗದಿದ್ದರೆ ಒದ್ದೆಯದ್ದನ್ನು ಬಾಯಿ ಮಡಚುವ ಡ್ರೈ ಬ್ಯಾಗಿನಲ್ಲಿ ಹಾಕಿ, ಮನೆ ತಲುಪಿದ ಕೂಡಲೇ ತೆಗೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಅಷ್ಟು ತಿಂಗಳು ಕಿಟ್ ಹೇಗಿಡಲಿ? ನಮ್ಮಲ್ಲಿ ಚರ್ಮದ ಚಪ್ಪಲಿಗೂ ಬೂಸ್ಟು ಬರುತ್ತದೆ.
(ಸಾಗರದ ಓದುಗರು)

ಉತ್ತರ: ಜೂನ್‌ಗೆ ಮುಂಚೆಯೇ, ಬಿಸಿಲಿದ್ದಾಗ ನೆರಳಲ್ಲಿ ಒಣಗಿಸಿ ಮುಗಿಸಿ. ವೆಟ್‌ಸೂಟ್ ದಪ್ಪ ಹ್ಯಾಂಗರ್‌ಗೆ ನೇತುಹಾಕಿ, ಮಡಚಿಟ್ಟರೆ ಗೆರೆ ಬಿದ್ದು ಅಲ್ಲಿ ತೆಳುವಾಗುತ್ತದೆ. ಜಿಪ್‌ಗೆ ಮೇಣದ ಬತ್ತಿ ಉಜ್ಜಿ. ಬಿಸಿಡಿಯಲ್ಲಿ ಅರ್ಧ ಗಾಳಿ ಇರಲಿ, ಒಳಗೋಡೆ ಅಂಟಿಕೊಳ್ಳುವುದಿಲ್ಲ. ಪಾರದರ್ಶಕ ಸಿಲಿಕೋನ್ ಮಾಸ್ಕನ್ನು ಕಪ್ಪು ರಬ್ಬರಿಗೆ ತಾಗಿಸಿ ಇಡಬೇಡಿ, ಹಳದಿ ತಿರುಗುತ್ತದೆ. ಕಂಪ್ಯೂಟರ್, ಟಾರ್ಚ್ ಬ್ಯಾಟರಿ ಬಿಚ್ಚುವ ಹಾಗಿದ್ದರೆ ಬಿಚ್ಚಿ. ಅಟ್ಟಕ್ಕೆ ಹಾಕಬೇಡಿ, ಅಲ್ಲಿ ಇಲಿ ಮೌತ್‌ಪೀಸ್ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬೀರು ತೆರೆದು ಫ್ಯಾನ್ ಹಾಕಿ ಗಾಳಿಯಾಡಿಸಿ. ಬೂಸ್ಟು ಬಂದೇಬಿಟ್ಟರೆ ಬ್ಲೀಚ್ ಬೇಡ, ಬೇಬಿ ಶಾಂಪೂ ಹಾಕಿದ ನೀರಲ್ಲಿ ಮೆದು ಬ್ರಷ್‌ನಿಂದ ಉಜ್ಜಿ ಮತ್ತೆ ಒಣಗಿಸಿ. ರೆಗ್ಯುಲೇಟರ್ ಸರ್ವಿಸ್‌ಗೆ ಕೊಡುವುದಿದ್ದರೆ ಇದೇ ಸಮಯ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದ ಮೇಲೆ ಕೊಟ್ಟರೆ ಎಲ್ಲರೂ ನೀರಿಗಿಳಿಯುವಾಗ ನೀವು ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.