ಕಾಲೇಜಿನ ಆನ್‌ಲೈನ್ ಪತ್ರಿಕೆಗೆ ಓದುಗರು ಹೆಚ್ಚಾಗಬೇಕಾದರೆ ಏನು ಮಾಡಬೇಕು?

ನಿಮ್ಮ ಕ್ಯಾಂಪಸ್ಸಿನ ಸುದ್ದಿಯನ್ನು ಎಲ್ಲರಿಗಿಂತ ಮೊದಲು, ತಪ್ಪಿಲ್ಲದೆ ಕೊಡಿ. ಓದುಗರು ಬರುವುದು ಅದಕ್ಕೇ. ಕ್ರಿಕೆಟ್, ಸಿನಿಮಾ, ದೇಶದ ರಾಜಕೀಯ ಎಲ್ಲ ಕಡೆ ಸಿಗುತ್ತದೆ, ಅಲ್ವಾ? ಹಾಸ್ಟೆಲ್ ಫೀಸು ಏರಿದ್ದು, ಮರುಮೌಲ್ಯಮಾಪನದ ಫಲಿತಾಂಶ ತಡವಾದದ್ದು ದೊಡ್ಡ ಪತ್ರಿಕೆಗಳಲ್ಲಿ ಬರುವುದು ಅಪರೂಪ. ಇಂಥ ಸುದ್ದಿ ತಮಗೇ ತಟ್ಟುವುದರಿಂದ ಓದಿದವರು ತಾವಾಗಿಯೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಪತ್ರಿಕೆ ಹರಡುವುದು ಹೀಗೆ.

ಹತ್ತಿರದಲ್ಲಿರುವುದೇ ನಿಮ್ಮ ಬಲ. ಉಕ್ರೇನಿಗೆ ಅಮೆರಿಕದ ವಿಶೇಷ ಪ್ರತಿನಿಧಿಯಾಗಿದ್ದ ಕರ್ಟ್ ವೋಲ್ಕರ್ 2019ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅದನ್ನು ಮೊದಲು ಬರೆದದ್ದು ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ‘ದಿ ಸ್ಟೇಟ್ ಪ್ರೆಸ್’. ವೋಲ್ಕರ್ ಆ ವಿಶ್ವವಿದ್ಯಾಲಯದ ಒಂದು ಸಂಸ್ಥೆಯ ಮುಖ್ಯಸ್ಥರೂ ಆಗಿದ್ದರು. ಹಾಗಾಗಿ ವಿಶ್ವವಿದ್ಯಾಲಯದ ಅಧಿಕಾರಿಯಿಂದಲೇ ಸುದ್ದಿ ಖಚಿತವಾಯಿತು. ಜಗತ್ತೇ ಗಮನಿಸಿದ ಸುದ್ದಿ ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ತಮ್ಮ ಕ್ಯಾಂಪಸ್ಸನ್ನು ಚೆನ್ನಾಗಿ ಬಲ್ಲವರಾಗಿದ್ದರಿಂದ.

ಇನ್ನೊಂದು ಮಾತು: ಪರೀಕ್ಷೆ ಬಂತೆಂದು ಪತ್ರಿಕೆ ನಿಲ್ಲಿಸಬೇಡಿ. ವೇಳಾಪಟ್ಟಿ, ಹಾಲ್ ಟಿಕೆಟ್, ಮುಂದೂಡಿಕೆ ಅಂತ ಓದುಗರಿಗೆ ಸರಿಯಾದ ಮಾಹಿತಿ ಜಾಸ್ತಿ ಬೇಕಾಗುವುದು ಆಗಲೇ.